ಎಕ್ಸ್‌ಟರ್ನಲ್ ಕಟ್ಟಿದವರ ಕಥೆ

ಹೋದ ತಿಂಗಳು ಊರಲ್ಲಿ ಒಂದು ಗೃಹಪ್ರವೇಶ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಎಲ್ಲರೂ ಹಜಾರದಲ್ಲಿ ಕೂತಿದ್ದಾಗ ಮಾತು ಓದಿನ ಕಡೆ ಹೊರಳಿತು. ಯಾರ ಮಗ ಯಾವ ಕಾಲೇಜು, ಯಾರ ಮಗಳಿಗೆ ಎಷ್ಟು ಪ್ಯಾಕೇಜು, ಇದೇ ಮಾಮೂಲಿ. ನಮ್ಮ ಚಿಕ್ಕಮ್ಮ, "ನಮ್ಮಕ್ಕಾನೂ ಡಿಗ್ರಿ ಮಾಡಿದಾಳೆ ಕಣ್ರೀ, ಮದುವೆ ಆಗಿ ಮಕ್ಕಳಾದ್ಮೇಲೆ" ಅಂತ ನಮ್ಮಮ್ಮನ ಕಡೆ ಕೈ ತೋರಿಸಿದರು. ದೂರದ ಸಂಬಂಧಿಕರೊಬ್ಬರು ಅಡಿಕೆ ಜಗಿಯುತ್ತಲೇ, "ಓ, ಅದು ಎಕ್ಸ್‌ಟರ್ನಲ್ ಕಟ್ಟಿದ್ದಲ್ವಾ?" ಅಂದು ತಮ್ಮ ಮಗನ ವಿಷಯಕ್ಕೆ ಹೋದರು.

ಅಷ್ಟೇ. ಬೈಗುಳ ಅಲ್ಲ, ಜಗಳ ಅಲ್ಲ. ಅಮ್ಮ ನಕ್ಕು, "ಕಾಫಿ ಯಾರ್ಯಾರಿಗೆ ಬೇಕು?" ಅಂತ ಎದ್ದು ಒಳಗೆ ಹೋದಳು.

ರಾತ್ರಿ ಬೆಂಗಳೂರಿನ ಬಸ್ಸಲ್ಲಿ ಕೂತಾಗ ಆ 'ಅಲ್ವಾ' ಕೊರೀತಾ ಇತ್ತು. ನಾನು ಓದಿದ್ದು ಇಂಜಿನಿಯರಿಂಗ್. ಹದಿನೆಂಟಕ್ಕೆ ಸಿಇಟಿ, ಇಪ್ಪತ್ತೆರಡಕ್ಕೆ ಕ್ಯಾಂಪಸ್ ಇಂಟರ್‌ವ್ಯೂ. ಸೆಮಿಸ್ಟರ್ ಪೂರ್ತಿ ಕ್ಯಾಂಟೀನಲ್ಲಿ ಕಳೆದು ಕೊನೇ ಹತ್ತು ದಿನ ಹಳೇ ಪ್ರಶ್ನೆಪತ್ರಿಕೆ ತಿರುವಿ ಪಾಸಾದೆ. ನನ್ನ ಡಿಗ್ರಿಯನ್ನು ಇವತ್ತಿನವರೆಗೂ ಯಾರೂ 'ಅಲ್ವಾ?' ಅಂತ ಕೇಳಿಲ್ಲ. ಮೂವತ್ತೈದನೇ ವಯಸ್ಸಲ್ಲಿ, ರಾತ್ರಿ ಪಾತ್ರೆ ತೊಳೆದ ಮೇಲೆ ಓದಿದ ಅಮ್ಮನಿಗೆ ಮಾತ್ರ ಆ ಪ್ರಶ್ನೆ.

ಇದರ ಇತಿಹಾಸ ಏನು ಅಂತ ನೋಡೋಣ ಅನ್ನಿಸ್ತು. ನಾಲ್ಕು ವಾರಾಂತ್ಯ ಇದನ್ನೇ ಓದಿದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ. ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ :)

* * *

ಮೊದಲು ಈ 'ಎಕ್ಸ್‌ಟರ್ನಲ್' ಅನ್ನೋ ಪದಾನೇ ಹಿಡಿಯೋಣ.

1836ರಲ್ಲಿ ಲಂಡನ್ ವಿಶ್ವವಿದ್ಯಾಲಯ ಹುಟ್ಟಿದಾಗ ಅದು ಪಾಠ ಹೇಳುವ ಜಾಗವೇ ಆಗಿರಲಿಲ್ಲ. ಪಾಠ ಹೇಳೋದು ಕಾಲೇಜುಗಳ ಕೆಲಸ. ವಿಶ್ವವಿದ್ಯಾಲಯದ್ದು ಪರೀಕ್ಷೆ ನಡೆಸಿ ಪದವಿ ಕೊಡುವ ಕೆಲಸ ಮಾತ್ರ. (1857ರಲ್ಲಿ ನಮ್ಮ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳನ್ನು ಕಟ್ಟಿದಾಗಲೂ ಇದೇ ಲಂಡನ್ ಮಾದರಿಯನ್ನೇ ತಂದರು.)

1858ರಲ್ಲಿ ಲಂಡನ್ನಿಗೆ ಹೊಸ ಸನ್ನದು ಬಂತು. ವೈದ್ಯಕೀಯ ಬಿಟ್ಟು ಉಳಿದ ಪದವಿಗಳಿಗೆ ಕಾಲೇಜಲ್ಲೇ ಓದಿರಬೇಕು ಅನ್ನೋ ನಿಯಮ ಹೋಯ್ತು. ಮೆಟ್ರಿಕ್ಯುಲೇಷನ್ ಪಾಸು ಮಾಡು, ಫೀಸು ಕಟ್ಟು, ಪರೀಕ್ಷೆಗೆ ಕೂರು. ಎಲ್ಲಿ ಓದಿದೆ, ಯಾರ ಹತ್ತಿರ ಓದಿದೆ ಅಂತ ಯಾರೂ ಕೇಳಲ್ಲ. ಆದರೆ ಗಂಡಸರಿಗೆ ಮಾತ್ರ. ಹೆಂಗಸರಿಗೆ ಪದವಿಯ ಬಾಗಿಲು ತೆಗೆಯೋಕೆ 1878 ಬರಬೇಕಾಯ್ತು. ಬ್ರಿಟನ್ನಿನಲ್ಲಿ ಅದೇ ಮೊದಲು. 1898ರ ಕಾನೂನಿನ ನಂತರ ಕಾಲೇಜಲ್ಲಿ ಓದುವವರು 'ಇಂಟರ್ನಲ್', ಹೊರಗಿನಿಂದ ಪರೀಕ್ಷೆ ಬರೆಯುವವರು 'ಎಕ್ಸ್‌ಟರ್ನಲ್' ಅಂತ ಎರಡು ಪಂಗಡ ಆಯ್ತು.

ಹೀಗೆ ಎಕ್ಸ್‌ಟರ್ನಲ್ ಕಟ್ಟಿದವರಲ್ಲಿ ಎಚ್. ಜಿ. ವೆಲ್ಸ್ ಒಬ್ಬ. ಟೈಮ್ ಮಷೀನ್ ಬರೆದ ಅದೇ ವೆಲ್ಸ್. ಹುಡುಗನಾಗಿದ್ದಾಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಕಾಲೇಜಿಗೆ ಸೇರಿದ, ಕೊನೇ ವರ್ಷದಲ್ಲಿ ಫೇಲಾದ. ಮೇಷ್ಟರ ಕೆಲಸ ಮಾಡುತ್ತಾ ಹೊರಗಿನಿಂದಲೇ ಪರೀಕ್ಷೆ ಕಟ್ಟಿ 1890ರಲ್ಲಿ ಲಂಡನ್ನಿನ ಬಿ.ಎಸ್ಸಿ. ಪಡೆದ.

ಈ ವ್ಯವಸ್ಥೆಯಲ್ಲಿ ಒಂದು ನ್ಯಾಯ ಇತ್ತು: ಕಾಲೇಜಿನ ಹುಡುಗನನ್ನು ಅಳೆಯುವ ಮಟ್ಟದಲ್ಲೇ ಅಂಗಡಿಯ ಗುಮಾಸ್ತನನ್ನೂ ಅಳೆಯಬೇಕು ಅನ್ನೋದು. ಒಂದು ದೊಡ್ಡ ಕೊರತೆಯೂ ಇತ್ತು. ಪರೀಕ್ಷೆ ಇಟ್ಟರು, ಪಾಠ ಹೇಳಲಿಲ್ಲ. ಈಜು ಪರೀಕ್ಷೆಗೆ ಯಾರು ಬೇಕಾದ್ರೂ ಬನ್ನಿ ಅಂದರು, ಕಲಿಸೋರು ಮಾತ್ರ ಯಾರೂ ಇಲ್ಲ. ದುಡ್ಡಿದ್ದವರು ಖಾಸಗಿ ಅಂಚೆ ಟ್ಯುಟೋರಿಯಲ್‌ಗಳಿಗೆ ಸೇರಿದರು. ಉಳಿದವರು ಮೋಂಬತ್ತಿ ಹಚ್ಚಿಕೊಂಡು ತಾವೇ ಗುದ್ದಾಡಿದರು.

* * *

ಇದಕ್ಕೆ ಸರಿಯಾಗಿ ಉಲ್ಟಾ ಇರೋ ಪ್ರಯತ್ನವೂ ಇಂಗ್ಲೆಂಡಿನಲ್ಲೇ ನಡೆಯಿತು.

1903ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಅನ್ನೋರು ಕಾರ್ಮಿಕರ ಶಿಕ್ಷಣಕ್ಕೆ ಅಂತಲೇ ಒಂದು ಸಂಘ ಕಟ್ಟಿದರು. 'ವರ್ಕರ್ಸ್ ಎಜುಕೇಷನಲ್ ಅಸೋಸಿಯೇಷನ್' ಅಂತ ಅದು ಹೆಸರಾಯ್ತು. ಅದರ ಮೂಲಕ 1908ರ ಜನವರಿಯಲ್ಲಿ ಆರ್. ಎಚ್. ಟಾನಿ ಅನ್ನೋ ಇಪ್ಪತ್ತೇಳು ವರ್ಷದ ಮೇಷ್ಟರು ಎರಡು ಊರುಗಳಲ್ಲಿ ಕ್ಲಾಸು ಶುರು ಮಾಡಿದರು. ಒಂದು ಪಿಂಗಾಣಿ ಕಾರ್ಖಾನೆಗಳ ಲಾಂಗ್‌ಟನ್, ಇನ್ನೊಂದು ಹತ್ತಿ ಗಿರಣಿಗಳ ರಾಚ್‌ಡೇಲ್. ಲಾಂಗ್‌ಟನ್ನಿನಲ್ಲಿ ಶುಕ್ರವಾರ ಸಂಜೆ, ರಾಚ್‌ಡೇಲಿನಲ್ಲಿ ಶನಿವಾರ ಮಧ್ಯಾಹ್ನ. ಒಂದು ಗಂಟೆ ಪಾಠ, ಒಂದು ಗಂಟೆ ಚರ್ಚೆ, ಮನೆಯಲ್ಲಿ ಪ್ರಬಂಧ ಬರೆದು ತರಬೇಕು. ಮೂರು ವರ್ಷದ ಬದ್ಧತೆ. ವಿಷಯ ಆರ್ಥಿಕ ಇತಿಹಾಸ. ಟಾನಿ ಆಮೇಲೆ ಇಂಗ್ಲೆಂಡಿನ ದೊಡ್ಡ ಇತಿಹಾಸಕಾರರಾದರು.

ಇಲ್ಲಿ ಪಾಠ ಇತ್ತು, ಒಳ್ಳೆಯ ಮೇಷ್ಟರಿದ್ದರು, ಪ್ರಬಂಧ ತಿದ್ದಿ ಕೊಡೋರಿದ್ದರು. ಆದರೆ ಮೂರು ವರ್ಷ ಓದಿದ ಮೇಲೆ ಪದವಿ ಇಲ್ಲ! ಜ್ಞಾನಕ್ಕಾಗಿ ಜ್ಞಾನ ಅಂತ ಅದನ್ನ ದೊಡ್ಡದು ಮಾಡಿ ಹೇಳ್ತಿದ್ದರು. ಇರಬಹುದು. ಆದರೆ ಆಕ್ಸ್‌ಫರ್ಡಿನ ಹುಡುಗನಿಗೆ ಜ್ಞಾನದ ಜೊತೆ ಪದವೀನೂ ಸಿಗ್ತಿತ್ತಲ್ಲ?

ಒಟ್ಟಿನಲ್ಲಿ ದುಡಿಯೋ ಮನುಷ್ಯನಿಗೆ ಒಂದು ಕಡೆ ಪಾಠ ಇಲ್ಲದ ಪರೀಕ್ಷೆ, ಇನ್ನೊಂದು ಕಡೆ ಪದವಿ ಇಲ್ಲದ ಪಾಠ. ಎರಡನ್ನೂ ಸೇರಿಸೋಕೆ ಇನ್ನೂ ಅರವತ್ತು ವರ್ಷ ಬೇಕಾಯ್ತು.

* * *

ನಡುವೆ ಅಮೆರಿಕದ ಒಂದು ಕಥೆ ಹೇಳಲೇಬೇಕು. 'ದೊಡ್ಡವರನ್ನ ಕಾಲೇಜಿಗೆ ಬಿಟ್ಟರೆ ಗುಣಮಟ್ಟ ಹಾಳಾಗುತ್ತೆ' ಅನ್ನೋ ಭಯಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿ.

ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಲಕ್ಷಾಂತರ ಸೈನಿಕರು ವಾಪಸ್ ಬರೋರಿದ್ದರು. ಎಲ್ಲರಿಗೂ ಒಂದೇ ಸಲ ಕೆಲಸ ಎಲ್ಲಿಂದ ತರೋದು? 1944ರ ಜೂನ್ 22ರಂದು ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. 'ಜಿಐ ಬಿಲ್' ಅಂತ ಅದು ಪ್ರಸಿದ್ಧ. ಓದಬೇಕು ಅನ್ನೋ ಮಾಜಿ ಸೈನಿಕನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು, ಜೊತೆಗೆ ಒಂಟಿಯಾಗಿದ್ದರೆ ತಿಂಗಳಿಗೆ 50, ಸಂಸಾರ ಇದ್ದರೆ 75 ಡಾಲರ್ ಖರ್ಚಿಗೆ.

ದೊಡ್ಡ ವಿಶ್ವವಿದ್ಯಾಲಯಗಳ ದೊಡ್ಡ ಮನುಷ್ಯರಿಗೆ ಇದು ಹಿಡಿಸಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್, ಕಾಲೇಜುಗಳು ಅಲೆಮಾರಿಗಳ ಬೀಡಾಗ್ತವೆ ಅನ್ನೋ ಅರ್ಥದಲ್ಲಿ ಪತ್ರಿಕೆಯಲ್ಲಿ ಬರೆದರು. ಹಾರ್ವರ್ಡಿನ ಜೇಮ್ಸ್ ಕೋನಂಟ್ ಕೂಡ ಯೋಗ್ಯತೆ ಇಲ್ಲದವರು ನುಗ್ಗುತ್ತಾರೆ ಅಂತ ಆತಂಕ ಪಟ್ಟರು.

ಆಗಿದ್ದೇ ಬೇರೆ. ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಇವರೇ. ಹಾಸ್ಟೆಲ್ ಸಾಲದೆ ಸೈನ್ಯದ ತಗಡಿನ ಶೆಡ್ಡುಗಳನ್ನೇ ತಂದು ಕ್ಯಾಂಪಸ್ಸಲ್ಲಿ ನಿಲ್ಲಿಸಿದರು. ಹೆಂಡತಿ ಮಕ್ಕಳ ಸಮೇತ ಅಲ್ಲೇ ವಾಸ. ಕಾಲೇಜು ಅಂದರೆ ಮದುವೆಯಾಗದ ಹುಡುಗರದ್ದು ಅನ್ನೋ ಭಾವನೆಯೇ ಹೋಯ್ತು. ಇವರು ಓದಿದ್ದು ಹೇಗೆ ಅಂದರೆ, ಮುಂಚೆ ಆತಂಕ ಪಟ್ಟಿದ್ದ ಅದೇ ಕೋನಂಟ್, ಹಾರ್ವರ್ಡ್ ಇಷ್ಟು ಒಳ್ಳೆಯ ವಿದ್ಯಾರ್ಥಿಗಳನ್ನು ಕಂಡೇ ಇಲ್ಲ ಅನ್ನೋ ಹಾಗೆ ಹೊಗಳಿದರು.

ಎಲ್ಲಾ ಚೆನ್ನಾಗಿತ್ತು ಅಂತಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಬಿಳಿಯರ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿಯೇ ಇತ್ತು. ಅವರಿಗಿದ್ದ ಕಾಲೇಜುಗಳಲ್ಲಿ ಜಾಗ ಸಾಲದೆ ಸಾವಿರಾರು ಜನ ವಾಪಸ್ ಹೋದರು. ಕಾನೂನು ಒಂದೇ, ಅದು ಸಿಕ್ಕಿದ್ದು ಎಲ್ಲರಿಗೂ ಒಂದೇ ಥರ ಅಲ್ಲ.

* * *

ಈಗ ಮತ್ತೆ ಬ್ರಿಟನ್ನಿಗೆ. ನನಗೆ ತುಂಬಾ ಹಿಡಿಸಿದ್ದು ಈ ಭಾಗ.

1963ರ ಈಸ್ಟರ್ ಭಾನುವಾರ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ರಜೆಗೆ ಅಂತ ಸಿಲ್ಲಿ ದ್ವೀಪಗಳಿಗೆ ಹೋಗಿದ್ದರು. ಚರ್ಚಿಗೆ ಹೋಗಿ ಬಂದು ಊಟಕ್ಕೆ ಕೂರೋ ನಡುವೆ ಒಂದು ಯೋಜನೆ ಬರೆದಿಟ್ಟರು. ಟಿವಿ, ರೇಡಿಯೋ, ಅಂಚೆ ಮೂರನ್ನೂ ಸೇರಿಸಿ ಮನೆಯಲ್ಲಿರೋರಿಗೆ ಪಾಠ ಹೇಳುವ ವಿಶ್ವವಿದ್ಯಾಲಯ. ಅದೇ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ಭಾಷಣದಲ್ಲಿ ಅದನ್ನ 'ಗಾಳಿಯ ವಿಶ್ವವಿದ್ಯಾಲಯ' ಅಂತ ಕರೆದರು. (ಇದಕ್ಕೂ ಒಂದು ವರ್ಷ ಮುಂಚೆ, 1962ರಲ್ಲಿ, ಮೈಕೇಲ್ ಯಂಗ್ ಅನ್ನೋ ಸಮಾಜಶಾಸ್ತ್ರಜ್ಞ 'ಓಪನ್ ಯೂನಿವರ್ಸಿಟಿ' ಬೇಕು ಅಂತ ಲೇಖನ ಬರೆದಿದ್ದರು. ಹೆಸರು ಅಲ್ಲಿನದು.) ಪತ್ರಿಕೆಗಳು ನಕ್ಕವು, ಅವರ ಪಕ್ಷದೊಳಗೇ ಉತ್ಸಾಹ ಇರಲಿಲ್ಲ.

1964ರಲ್ಲಿ ವಿಲ್ಸನ್ ಪ್ರಧಾನಿಯಾದರು. ಮರುವರ್ಷ ಈ ಕೆಲಸವನ್ನ ಜೆನ್ನಿ ಲೀ ಅನ್ನೋ ಮಂತ್ರಿಯ ಕೈಗೆ ಕೊಟ್ಟರು. ಯಾರೀ ಜೆನ್ನಿ ಲೀ? ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಎಡಿನ್‌ಬರೋದಲ್ಲಿ ಓದಿ, 1929ರಲ್ಲಿ 24ನೇ ವಯಸ್ಸಿಗೇ ಸಂಸತ್ತಿಗೆ ಆರಿಸಿ ಬಂದವಳು. ಆಗಿನ್ನೂ ಆ ವಯಸ್ಸಿನ ಹೆಂಗಸರಿಗೆ ವೋಟು ಹಾಕೋ ಅವಕಾಶ ಬಂದಿರಲಿಲ್ಲ! ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಕಟ್ಟಿದ ಅನೈರಿನ್ ಬೆವನ್ ಅವಳ ಗಂಡ.

ಜೆನ್ನಿ ಲೀ ಸುತ್ತ ಇದ್ದವರು ಸಲಹೆ ಕೊಟ್ಟರಂತೆ: ಬಡವರಿಗೆ, ಕೆಲಸಗಾರರಿಗೆ ಸಣ್ಣದೊಂದು ಸರ್ಟಿಫಿಕೇಟು ಕೊಟ್ಟರೆ ಸಾಲದೇ, ಪದವಿ ಯಾಕೆ? ಅವಳು ಒಪ್ಪಲಿಲ್ಲ. ಕೊಡೋದಾದ್ರೆ ಪೂರಾ ವಿಶ್ವವಿದ್ಯಾಲಯದ ಪದವಿ, ಬೇರೆಯವರದಕ್ಕೆ ಸಮನಾದ ಪದವಿ. ಎರಡನೇ ದರ್ಜೆಯದ್ದು ಬೇಡವೇ ಬೇಡ ಅಂತ ಕೂತಳು. ಓದುವಾಗ ಇಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಂತೆ. ನಮ್ಮ ಹಜಾರದ ಆ 'ಅಲ್ವಾ'ಗೆ ಈ ಗಣಿ ಕಾರ್ಮಿಕನ ಮಗಳು ಅರವತ್ತು ವರ್ಷದ ಹಿಂದೆಯೇ ಜಗಳಕ್ಕೆ ನಿಂತಿದ್ದಳು.

1969ರ ಏಪ್ರಿಲ್ 23ಕ್ಕೆ ಓಪನ್ ಯೂನಿವರ್ಸಿಟಿಗೆ ರಾಜಸನ್ನದು ಸಿಕ್ಕಿತು. ಜುಲೈ 23ರಂದು ಲಂಡನ್ನಿನಲ್ಲಿ ಉದ್ಘಾಟನೆ. ಆ ಹೊತ್ತಿಗೆ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಯವರು ಚಂದ್ರನಿಂದ ವಾಪಸ್ ಬರುವ ದಾರಿಯಲ್ಲಿದ್ದರು. ಮೊದಲ ಕುಲಪತಿ ಜೆಫ್ರಿ ಕ್ರೌಥರ್ ಅವತ್ತು ಮಾಡಿದ ಭಾಷಣದ ಸಾರ ಇಷ್ಟು: ಈ ವಿಶ್ವವಿದ್ಯಾಲಯ ಎಲ್ಲ ಜನಕ್ಕೂ, ಎಲ್ಲ ಜಾಗಕ್ಕೂ, ಎಲ್ಲ ವಿಧಾನಕ್ಕೂ, ಎಲ್ಲ ವಿಚಾರಕ್ಕೂ ತೆರೆದಿರಬೇಕು. ಇಂದಿಗೂ ಅಲ್ಲಿನವರು ಅದನ್ನೇ ಧ್ಯೇಯವಾಕ್ಯದ ಥರ ಹೇಳ್ತಾರೆ.

ಆದರೆ ಕೆಲಸ ಶುರುವಾಗೋ ಮುಂಚೆಯೇ ಕುತ್ತು ಬಂತು. 1970ರ ಜೂನ್ ಚುನಾವಣೆಯಲ್ಲಿ ಲೇಬರ್ ಸೋತು ಕನ್ಸರ್ವೇಟಿವ್ ಸರ್ಕಾರ ಬಂತು. ಹೊಸ ಹಣಕಾಸು ಮಂತ್ರಿ ಇಯಾನ್ ಮೆಕ್ಲಿಯೋಡ್ ಈ ಯೋಜನೆಯನ್ನ ಶುದ್ಧ ಅವಿವೇಕ ಅಂತ ಮುಂಚೆಯೇ ಕರೆದಿದ್ದವರು. ಅವರು ಅಧಿಕಾರಕ್ಕೆ ಬಂದ ಒಂದೇ ತಿಂಗಳಲ್ಲಿ ತೀರಿಕೊಂಡರು. ಇನ್ನು ಹೊಸ ಶಿಕ್ಷಣ ಮಂತ್ರಿ, ಮಾರ್ಗರೆಟ್ ಥ್ಯಾಚರ್. ಮುಂದೆ ಖರ್ಚು ಕಡಿತಕ್ಕೇ ಹೆಸರಾದ ಆಕೆ ಇದನ್ನ ಉಳಿಸಿದರು! ಮಾಮೂಲಿ ವಿಶ್ವವಿದ್ಯಾಲಯಕ್ಕಿಂತ ಒಬ್ಬ ಪದವೀಧರನಿಗೆ ತಗಲುವ ಖರ್ಚು ಇಲ್ಲಿ ಕಡಿಮೆ ಅನ್ನೋ ಲೆಕ್ಕ ಆಕೆಗೆ ಹಿಡಿಸಿತ್ತು.

1971ರ ಜನವರಿಯಲ್ಲಿ ಸುಮಾರು 24,000 ವಿದ್ಯಾರ್ಥಿಗಳೊಂದಿಗೆ ಪಾಠ ಶುರು. 21 ವರ್ಷ ದಾಟಿರಬೇಕು, ಅಷ್ಟೇ. ಎಸೆಸೆಲ್ಸಿ ಮಾರ್ಕ್ಸ್ ಕಾರ್ಡಿನಂಥದ್ದು ಏನೂ ಬೇಡ, ಮೊದಲು ಬಂದವರಿಗೆ ಮೊದಲ ಸೀಟು. ಅದೇ ತಿಂಗಳು ಏನಾಯ್ತು ಗೊತ್ತಾ? ಬ್ರಿಟನ್ನಿನ ಅಂಚೆ ನೌಕರರು ಮುಷ್ಕರ ಹೂಡಿದರು. ಏಳು ವಾರ! ಅಂಚೆಯಲ್ಲಿ ಪಾಠ ಕಳಿಸುವ ವಿಶ್ವವಿದ್ಯಾಲಯದ ಗತಿ ನೀವೇ ಯೋಚಿಸಿ. (ಪ್ರಾಜೆಕ್ಟು ಲೈವ್ ಆದ ದಿನವೇ ಸರ್ವರ್ ಡೌನ್ ಆದ ಅನುಭವ ಇದ್ದವರಿಗೆ ಆ ಸಂಕಟ ಅರ್ಥವಾಗುತ್ತೆ.) ಬೇರೆ ದಾರಿಯಲ್ಲಿ ಪಾಠ ತಲುಪಿಸಿ ಹೇಗೋ ದಡ ಸೇರಿದರು.

ಇನ್ನು ಪಾಠದ ರೀತಿ. ನನ್ನೊಳಗಿನ ಇಂಜಿನಿಯರಿಗೆ ಖುಷಿಯಾಗಿದ್ದು ಇಲ್ಲಿ. ಮೊದಲ ಉಪಕುಲಪತಿ ವಾಲ್ಟರ್ ಪೆರಿ ಎಡಿನ್‌ಬರೋದಲ್ಲಿ ಔಷಧಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಇಲ್ಲಿ ಒಬ್ಬ ಪ್ರೊಫೆಸರ್ ಕೂತು ನೋಟ್ಸ್ ಬರೆದು ಕಳಿಸುವಂತಿರಲಿಲ್ಲ. ಪ್ರತಿ ಕೋರ್ಸಿಗೂ ಒಂದು ತಂಡ. ಒಬ್ಬರು ಬರೆದಿದ್ದನ್ನ ಉಳಿದವರೆಲ್ಲ ಓದಿ ಹರಿದು ಹಾಕಿ ಮತ್ತೆ ಬರೆಸ್ತಿದ್ದರು. ನಮ್ಮ ಕೋಡ್ ರಿವ್ಯೂ ಇದ್ದ ಹಾಗೆ. ಕೆಲವು ಪರೀಕ್ಷೆಗಳನ್ನ ಆ ಕಾಲಕ್ಕೇ ಕಂಪ್ಯೂಟರ್ ತಿದ್ದುತ್ತಿತ್ತು, ಉಳಿದವನ್ನ ಊರೂರಲ್ಲಿದ್ದ ಟ್ಯೂಟರ್‌ಗಳು ಷರಾ ಬರೆದು ವಾಪಸ್ ಕಳಿಸ್ತಿದ್ದರು. ಬೇಸಿಗೆಯಲ್ಲಿ ಒಂದು ವಾರ ಯಾವುದಾದರೂ ನಿಜವಾದ ಕ್ಯಾಂಪಸ್ಸಿಗೆ ಹೋಗಿ ಇದ್ದು ಬರಬೇಕು. ವಿಜ್ಞಾನ ಓದೋರಿಗೆ ಮನೆಗೇ ಪೆಟ್ಟಿಗೆಯಲ್ಲಿ ಪ್ರಯೋಗಾಲಯ ಬರುತ್ತಿತ್ತು. ಅದರಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ಲಾಸ್ಟಿಕ್ ಸೂಕ್ಷ್ಮದರ್ಶಕವೂ ಇತ್ತು. ಮೆಕ್‌ಆರ್ಥರ್ ಮೈಕ್ರೋಸ್ಕೋಪ್ ಅಂತ. ಅಡುಗೆಮನೆ ಮೇಜಿನ ಮೇಲೆ ಈರುಳ್ಳಿ ಹೆಚ್ಚಿ, ಅದೇ ಈರುಳ್ಳಿಯ ಸಿಪ್ಪೆಯನ್ನ ಅಲ್ಲೇ ನೋಡಬಹುದಾದ ಲ್ಯಾಬು :)

ಬೆಳಗಿನ ಜಾವ, ನಡುರಾತ್ರಿ, ಯಾರೂ ನೋಡದ ಹೊತ್ತಲ್ಲಿ ಬಿಬಿಸಿಯಲ್ಲಿ ಪಾಠ ಬರ್ತಿತ್ತು. ಗಡ್ಡ ಬಿಟ್ಟ ಪ್ರೊಫೆಸರುಗಳು, ಅಗಲ ಟೈ, ಹಿಂದೆ ಕರೀ ಹಲಗೆ. ಅಂಥ ಕೋರ್ಸ್ ಕಾರ್ಯಕ್ರಮಗಳು ಕೊನೆಯಾಗಿದ್ದು 2006ರ ಡಿಸೆಂಬರಿನಲ್ಲಿ.

ಪ್ರವೇಶ ಸುಲಭ, ಆದರೆ ಪಾಸಾಗೋದು ಸುಲಭ ಇರಲಿಲ್ಲ. ಪದವಿಗೆ ಆರು ಕ್ರೆಡಿಟ್, ಆನರ್ಸಿಗೆ ಎಂಟು. ಕೆಲಸ ಮಾಡ್ತಾ ವರ್ಷಕ್ಕೊಂದು ಕ್ರೆಡಿಟ್ ಮುಗಿಸಿದರೆ ಪದವಿಗೆ ಆರು ವರ್ಷ. ಬೇರೆ ವಿಶ್ವವಿದ್ಯಾಲಯಗಳ ಪರೀಕ್ಷಕರು ಬಂದು ಮಟ್ಟ ನೋಡ್ತಿದ್ದರು. ಅರ್ಧದಾರಿಯಲ್ಲಿ ಬಿಟ್ಟವರು ಬಹಳ. ಇನ್ನೊಂದು ಟೀಕೆ: ಮೊದಲ ತಂಡದಲ್ಲಿ ಅತಿ ದೊಡ್ಡ ಗುಂಪು ಡಿಗ್ರಿ ಇಲ್ಲದ ಶಾಲಾ ಮೇಷ್ಟರುಗಳದ್ದು, ಕೈಗೆ ಮಸಿ ಅಂಟಿಸಿಕೊಂಡು ದುಡಿಯೋರು ಕಡಿಮೆ. ಇದು ನಿಜವೇ. ಆದರೂ 1973ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸಿನಲ್ಲಿ ಮೊದಲ ಘಟಿಕೋತ್ಸವ ನಡೆದಾಗ, ಸಾಮಾನ್ಯವಾಗಿ ಅಪ್ಪ ಅಮ್ಮ ಕೂರೋ ಜಾಗದಲ್ಲಿ ಗಂಡ, ಹೆಂಡತಿ, ಮಕ್ಕಳು ಕೂತಿದ್ದರು. ಇವತ್ತಿಗೆ ಅಲ್ಲಿ ಓದಿದವರ ಸಂಖ್ಯೆ 20 ಲಕ್ಷ ದಾಟಿದೆ.

ಇವರ ಕಥೆ ನಾಟಕವೂ ಆಯ್ತು. 1980ರ 'ಎಜುಕೇಟಿಂಗ್ ರೀಟಾ'ದಲ್ಲಿ ನಾಯಕಿ ಲಿವರ್‌ಪೂಲಿನ ಕೇಶವಿನ್ಯಾಸಕಿ, ಓಪನ್ ಯೂನಿವರ್ಸಿಟಿ ವಿದ್ಯಾರ್ಥಿನಿ. ಬರೆದ ವಿಲಿ ರಸೆಲ್ ತಾನೂ ಮುಂಚೆ ಕೂದಲು ಕತ್ತರಿಸುವ ಕೆಲಸ ಮಾಡಿ, ಆಮೇಲೆ ಓದಿಗೆ ಮರಳಿದವನೇ.

ಈ ಕಥೆಗೆ ಕಹಿ ತಿರುವೂ ಇದೆ. 2012ರಲ್ಲಿ ಇಂಗ್ಲೆಂಡಿನಲ್ಲಿ ಫೀಸು ವಿಪರೀತ ಏರಿದ ಮೇಲೆ ದುಡಿಯುತ್ತಾ ಓದುವವರ ಸಂಖ್ಯೆ ಕುಸಿದು ಹೋಯ್ತು. ಮನೆ ಸಾಲ, ಮಕ್ಕಳ ಫೀಸು ಇರೋ ನಲವತ್ತರ ಮನುಷ್ಯ ತನ್ನ ಓದಿಗೆ ಅಂತ ಇನ್ನೊಂದು ಸಾಲ ಮಾಡಲ್ಲ. ಬಾಗಿಲು ತೆಗೆದೇ ಇತ್ತು, ಟಿಕೆಟ್ಟು ದುಬಾರಿ ಆಯ್ತು ಅಷ್ಟೇ.

* * *

ನಮ್ಮಲ್ಲಿ? 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಶುರು ಮಾಡಿತು, ದೇಶದಲ್ಲಿ ಅದೇ ಮೊದಲು. ನಮ್ಮ ಮೈಸೂರು ವಿಶ್ವವಿದ್ಯಾಲಯ ಶುರು ಮಾಡಿದ್ದು 1969ರಲ್ಲಿ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕ ಅದೇ ವರ್ಷ. 'ಅಂಚೆ ತೆರಪಿನ ಶಿಕ್ಷಣ' ಅನ್ನೋ ಮಾತು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಇದೆ.

ಬ್ರಿಟನ್ನಿನ ಪ್ರಯೋಗ ನೋಡಿ ಕೇಂದ್ರ ಸರ್ಕಾರ 1974ರಲ್ಲಿ ಜಿ. ಪಾರ್ಥಸಾರಥಿ ಅವರ ನೇತೃತ್ವದಲ್ಲಿ ಒಂದು ತಂಡ ಮಾಡಿತು. ರಾಷ್ಟ್ರಮಟ್ಟದ ಮುಕ್ತ ವಿಶ್ವವಿದ್ಯಾಲಯ ಬೇಕು ಅಂತ ಅದು ಹೇಳಿದರೂ ಫೈಲು ಮಲಗಿತು. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಶುರುವಾಯ್ತು. ಈಗ ಅದಕ್ಕೆ ಅಂಬೇಡ್ಕರ್ ಹೆಸರಿದೆ. 1985ರಲ್ಲಿ ದೆಹಲಿಯಲ್ಲಿ ಇಗ್ನೋ. ಎರಡಕ್ಕೂ ಮೊದಲ ಕುಲಪತಿ ಒಬ್ಬರೇ, ಜಿ. ರಾಮ್ ರೆಡ್ಡಿ. 1996ರ ಜೂನ್ 1ರಿಂದ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ ಆದರೆ ಇದು ಮುಕ್ತಗಂಗೋತ್ರಿ. ಎಷ್ಟು ಚೆಂದದ ಹೆಸರು!

ಆದರೆ ಆ 'ಅಲ್ವಾ?' ನಮ್ಮಲ್ಲಿ ಹೋಗಲೇ ಇಲ್ಲ. ಪಿಯುಸಿ, ಡಿಗ್ರಿ ಯಾವುದೂ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಎಂ.ಎ. ಪಡೆದವರ ಪದವಿ ನಡೆಯಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2013-14ರಿಂದ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ ಯುಜಿಸಿ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018-19ಕ್ಕೆ. ಆ ನಡುವಿನ ವರ್ಷಗಳಲ್ಲಿ ಓದಿದವರು ಪದವಿ ಹಿಡಿದುಕೊಂಡು ಅಲೆದಿದ್ದು ಪೇಪರುಗಳಲ್ಲೆಲ್ಲ ಬಂತು. ತಾಂತ್ರಿಕ ತಪ್ಪು ಯಾರದ್ದೋ ಇರಲಿ. ಹತ್ತು ಗಂಟೆ ದುಡಿದು ಬಂದು ಓದಿದವನ ಆ ಮೂರು ವರ್ಷಗಳನ್ನು ಯಾರು ವಾಪಸ್ ಕೊಡ್ತಾರೆ?

* * *

ಈಗ ಅಮ್ಮನ ವಿಷಯ.

ಅಮ್ಮ ಸೆಕೆಂಡ್ ಪಿಯುಸಿ ಮುಗಿಸಿದ್ದು 1990ರಲ್ಲಿ. ಆಮೇಲೆ ಮದುವೆ, ನಾವಿಬ್ಬರು ಮಕ್ಕಳು, ಅಜ್ಜಿಯ ಕಾಯಿಲೆ. 2007ರಲ್ಲಿ ಯಾರಿಗೂ ಜಾಸ್ತಿ ಹೇಳದೆ ಬಿಎಗೆ ಅಂಚೆ ತೆರಪಿನಲ್ಲಿ ಸೇರಿದಳು. ಪುಸ್ತಕದ ಪಾರ್ಸೆಲ್ ಬಂದ ದಿನ ಅದನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದು ನನಗಿನ್ನೂ ನೆನಪಿದೆ. ಕದ್ದ ಮಾಲು ಇಟ್ಟ ಹಾಗೆ.

ನಾನು ಆರನೇ ಕ್ಲಾಸಲ್ಲಿದ್ದೆ. ಮೇ ತಿಂಗಳ ಬಿಸಿಲು, ತಾಲ್ಲೂಕಿನ ಒಂದು ಕಾಲೇಜಲ್ಲಿ ಅವಳ ಪರೀಕ್ಷೆ. ಜೊತೆಗೆ ನಾನೂ ಹೋಗಿದ್ದೆ. ಗೇಟಲ್ಲಿ ಜವಾನ ತಡೆದು, "ಪೇರೆಂಟ್ಸ್ ಎಲ್ಲ ಹೊರಗಡೆ ನಿಂತ್ಕೊಳ್ಳಿ ಅಮ್ಮಾ" ಅಂದ. ಅಮ್ಮ ಏನೂ ಮಾತಾಡದೆ ಹಾಲ್ ಟಿಕೆಟ್ ತೋರಿಸಿದಳು. ಅವನಿಗೂ ನಾಚಿಕೆ, ಅವಳಿಗೂ ನಾಚಿಕೆ. ನಿಜ ಹೇಳಬೇಕಂದ್ರೆ ಅವರಿಬ್ಬರಿಗಿಂತ ಹೆಚ್ಚು ನಾಚಿಕೆ ಆಗಿದ್ದು ನನಗೆ. ನಮ್ಮ ಕ್ಲಾಸಿನವರು ಯಾರಾದ್ರೂ ನೋಡಿಬಿಟ್ಟರೆ ಅಂತ ಮರದ ಹಿಂದೆ ಹೋಗಿ ನಿಂತಿದ್ದೆ. ಇದನ್ನ ಇವತ್ತಿನವರೆಗೂ ಅಮ್ಮನಿಗೆ ಹೇಳಿಲ್ಲ.

ಆ ವರ್ಷ ಅಮ್ಮ ಇಂಗ್ಲಿಷಲ್ಲಿ ಫೇಲಾದಳು. ರಾತ್ರಿ ಅಪ್ಪನ ಹತ್ತಿರ ಹೇಳಿದ್ದು ಕೇಳಿಸಿತು. ಹಾಲಲ್ಲಿ ಸುಮಾರು ಜನ ಪುಸ್ತಕ ತೊಡೆ ಮೇಲಿಟ್ಟುಕೊಂಡೇ ಬರೆದರಂತೆ. ಕಾಯೋರು ನೋಡಿಯೂ ನೋಡದ ಹಾಗೆ ಇದ್ದರಂತೆ. "ನೀವೂ ಬರೀರಿ ಅಮ್ಮಾ, ಈ ವಯಸ್ಸಲ್ಲಿ ಯಾಕೆ ಕಷ್ಟ ಪಡ್ತೀರಾ" ಅಂತ ಕರುಣೆಯಿಂದಲೇ ಹೇಳಿದರಂತೆ.

ಅಪ್ಪ, "ನೋಡ್ಕೊಂಡು ಬರೆದಿದ್ರೆ ಆಗ್ತಿತ್ತಲ್ಲೇ, ಇನ್ನೊಂದ್ ವರ್ಷ ಉಳೀತಿತ್ತು" ಅಂದರು.

ಅಮ್ಮ ಅಂದಿದ್ದು, "ಹಂಗೆ ಬರೆಯೋದಾದ್ರೆ ಮನೇಲೇ ಇರ್ತಿದ್ನಲ್ಲ. ನಂಗೆ ಬರುತ್ತಾ ಇಲ್ವಾ ಅಂತ ಗೊತ್ತಾಗ್ಬೇಕಿತ್ತು."

ಮರುವರ್ಷ ಮತ್ತೆ ಬರೆದಳು. ರಾತ್ರಿ ಹತ್ತೂವರೆ ಮೇಲೆ ಅಡುಗೆಮನೆ ಲೈಟು, ನನ್ನ ಹಳೇ ಗ್ರಾಮರ್ ಪುಸ್ತಕ. ಪಾಸಾದಳು. 2011ರಲ್ಲಿ ಪದವಿ ಬಂತು. ಘಟಿಕೋತ್ಸವಕ್ಕೆ ಹೋಗಲಿಲ್ಲ, ಅವತ್ತು ನನ್ನ ತಂಗಿಗೆ ಜ್ವರ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟು. ದೊಡ್ಡವರಾದ ಮೇಲೆ ಓದೋಕೆ ಬಂದವರು ರಿಯಾಯಿತಿ ಕೇಳಿಕೊಂಡು ಬಂದವರಲ್ಲ. ವೆಲ್ಸ್ ಕೇಳಲಿಲ್ಲ, ಅಮೆರಿಕದ ಸೈನಿಕರು ಕೇಳಲಿಲ್ಲ, ಜೆನ್ನಿ ಲೀ ತನ್ನ ಜನಕ್ಕೆ ಅದು ಬೇಡ ಅಂತ ಜಗಳವೇ ಆಡಿದಳು. ಅವರಿಗೆ ಬೇಕಿದ್ದಿದ್ದು ಒಳಗೆ ಬರೋಕೆ ಒಂದು ಬಾಗಿಲು, ಕಲಿಸೋಕೆ ಒಬ್ಬರು ಮೇಷ್ಟರು, ಎಲ್ಲರಿಗೂ ಇಡೋ ಅದೇ ಕಷ್ಟದ ಪರೀಕ್ಷೆ. ಈ ಮೂರರಲ್ಲಿ ಕೊನೆಯದನ್ನು 'ಪಾಪ, ವಯಸ್ಸಾಗಿದೆ' ಅಂತ ಸಡಿಲ ಮಾಡಿದ ದಿನವೇ ಆ ಸಂಬಂಧಿಕರ ಬಾಯಿಗೆ 'ಅಲ್ವಾ?' ಸಿಕ್ಕಿಬಿಡುತ್ತೆ. ಮರ್ಯಾದೆ ಹೋಗೋದು ತೊಡೆ ಮೇಲೆ ಪುಸ್ತಕ ಇಟ್ಟವರದಷ್ಟೇ ಅಲ್ಲ. ಇಡದೆ ಫೇಲಾಗಿ ಮತ್ತೆ ಬರೆದವಳದ್ದೂ ಹೋಗುತ್ತೆ.

ನೆಲ್ಸನ್ ಮಂಡೇಲಾ 1989ರಲ್ಲಿ, ಇನ್ನೂ ಸೆರೆಮನೆಯಲ್ಲಿದ್ದಾಗಲೇ, ದೂರಶಿಕ್ಷಣದಲ್ಲಿ ಕಾನೂನು ಪದವಿ ಮುಗಿಸಿದರು. ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದಿಂದ. ಆಗ ಅವರಿಗೆ 70 ವರ್ಷ. ಮುಂದಿನ ಗೃಹಪ್ರವೇಶದಲ್ಲಿ ಯಾರಾದ್ರೂ 'ಎಕ್ಸ್‌ಟರ್ನಲ್ ಅಲ್ವಾ' ಅಂದರೆ ಹೇಳೋಕೆ ಅಂತ ಇದನ್ನ ಇಟ್ಟುಕೊಂಡಿದ್ದೀನಿ :)

ಮೊನ್ನೆ ಭಾನುವಾರ ಫೋನಲ್ಲಿ ಇದನ್ನೆಲ್ಲ ಅಮ್ಮನಿಗೆ ಹೇಳ್ತಾ ಇದ್ದೆ. ಜೆನ್ನಿ ಲೀ ಕಥೆ ತುಂಬಾ ಹಿಡಿಸ್ತು. ಎಲ್ಲಾ ಕೇಳಿ ಕೊನೆಗೆ, "ಇತಿಹಾಸದಲ್ಲಿ ಎಂ.ಎ. ಮಾಡಬಹುದೇನೋ? ನಂಗೀಗ ಐವತ್ಮೂರು. ಅರ್ಜಿ ಆನ್‌ಲೈನ್ ಅಂತೆ, ನಿಂಗೆ ಬರುತ್ತಲ್ಲ" ಅಂದಳು.

ಶನಿವಾರ ಊರಿಗೆ ಹೊರಟಿದ್ದೀನಿ. ಅಮ್ಮನ ಮಾರ್ಕ್ಸ್ ಕಾರ್ಡುಗಳನ್ನ ಸ್ಕ್ಯಾನ್ ಮಾಡಬೇಕು. ಆ ಮರದ ವಿಷಯವನ್ನೂ ಹೇಳಿಬಿಡಬೇಕು ಅಂದ್ಕೊಂಡಿದ್ದೀನಿ.

ನಿಮ್ಮ ಮನೆಗಳಲ್ಲೂ ಹೀಗೆ ತಡವಾಗಿ ಓದಿದವರು ಇದ್ದೇ ಇರ್ತಾರೆ. ಅಮ್ಮ, ಅತ್ತೆ, ಮಾವ, ಅಥವಾ ನೀವೇ. ಅವರ ಕಥೆ ಗೊತ್ತಿದ್ದರೆ ಬರೆಯಿರಿ, ಓದೋಕೆ ನಾನಂತೂ ಕಾಯ್ತಿರ್ತೀನಿ.